ಸೈಟು ತೋರಿಸುವವರಿಗೆ ರೇರಾ ನೋಂದಣಿ: ಯಾರಿಗೆ ಬೇಕು, ಯಾರಿಗೆ ಬೇಡ

ಪ್ರಶ್ನೆ: ನಾನು ತುಮಕೂರಿನ ಗೂಳೂರು ಕಡೆಯವನು, ಪ್ರಾವಿಷನ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಬರುವವರು ಕೇಳಿದರೆ ಬಾಡಿಗೆ ಮನೆ, ಸೈಟು, ಒಮ್ಮೊಮ್ಮೆ ತೋಟವನ್ನೂ ತೋರಿಸುತ್ತೇನೆ. ವ್ಯವಹಾರ ಕುದುರಿದರೆ ಎರಡೂ ಕಡೆಯವರು ಶೇ 1ರಂತೆ ಕೊಡುತ್ತಾರೆ. ಈಗ ಕುಣಿಗಲ್ ರಸ್ತೆಯಲ್ಲಿ ಹೊಸ ಲೇಔಟ್ ಮಾಡುತ್ತಿರುವವರು ಗಿರಾಕಿಗಳನ್ನು ಕರೆತರಲು ಕೇಳಿದ್ದಾರೆ. ಅವರ ಆಫೀಸಿನಲ್ಲಿ ಒಬ್ಬರು ‘ನಿಮ್ಮ ರೇರಾ ನಂಬರ್ ಕೊಡಿ’ ಅಂದರು. ಇನ್ನೊಬ್ಬರು ‘ಸಣ್ಣವರಿಗೆ ಅದೆಲ್ಲ ಬೇಡ, ಬೇಕಿದ್ದರೆ ಒಂದು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಕೊಡುತ್ತೇವೆ’ ಅಂದರು. ಟೆಕ್ಸಸ್‌ನಲ್ಲಿರುವ ನಮ್ಮ ಅಳಿಯ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದಾರೆ. ನಮ್ಮಲ್ಲಿ ಎಷ್ಟು ಬಗೆಯ ಲೈಸೆನ್ಸ್ ಇವೆ? ಯಾರಿಗೆ ವಿನಾಯಿತಿ ಇದೆ? ನಾನು ತೆಗೆದುಕೊಳ್ಳಲೇಬೇಕೆ?

ಉತ್ತರ: ಕುಣಿಗಲ್ ರಸ್ತೆಯ ಆ ಲೇಔಟಿನ ಒಂದೇ ಒಂದು ಸೈಟು ಮಾರಿಸಿಕೊಡುವುದಾದರೂ ನಿಮಗೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಏಜೆಂಟ್ ಎಂದು ನೋಂದಣಿ ಬೇಕು. ನೀವು ಈವರೆಗೆ ಮಾಡಿಕೊಂಡು ಬಂದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಆ ನೋಂದಣಿ ಬೇಕಿರಲಿಲ್ಲ. ಎರಡೂ ಮಾತು ನಿಜ. ಗೊಂದಲ ಹುಟ್ಟುವುದು ನಾವು ವಿನಾಯಿತಿಯನ್ನು ಮನುಷ್ಯನಿಗೆ ಕೊಟ್ಟದ್ದು ಅಂದುಕೊಳ್ಳುವುದರಿಂದ. ಸಣ್ಣ ದಲ್ಲಾಳಿ, ದೊಡ್ಡ ದಲ್ಲಾಳಿ, ಅಂಗಡಿಯವರು, ನಿವೃತ್ತರು ಎಂಬ ಭೇದ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಅದು ನೋಡುವುದು ವ್ಯವಹಾರವನ್ನು: ಯಾವ ಆಸ್ತಿ, ಮಾರುತ್ತಿರುವವರು ಯಾರು, ನಿಮ್ಮ ಕೈಗೆ ಏನು ಬಂತು. ಬೆಳಿಗ್ಗೆ ನೋಂದಣಿ ಬೇಡದ ಕೆಲಸ ಮಾಡಿದವರೇ ಸಂಜೆ ನೋಂದಣಿ ಬೇಕಾದ ಕೆಲಸಕ್ಕೆ ಕೈ ಹಾಕಬಹುದು.

ಮೊದಲು ಲೈಸೆನ್ಸ್‌ಗಳ ಬಗೆ. ನಿಮ್ಮ ಅಳಿಯ ಇರುವ ಟೆಕ್ಸಸ್‌ನಲ್ಲಿ ಸೇಲ್ಸ್ ಏಜೆಂಟ್ ಮತ್ತು ಬ್ರೋಕರ್ ಎಂದು ಎರಡು ಮೆಟ್ಟಿಲು. ಸೇಲ್ಸ್ ಏಜೆಂಟ್ ಆಗಲು 180 ಗಂಟೆಗಳ ಪಾಠ ಮುಗಿಸಿ ಪರೀಕ್ಷೆ ಪಾಸಾಗಬೇಕು, ಆಮೇಲೂ ಸ್ವತಂತ್ರವಾಗಿ ಕೆಲಸ ಮಾಡುವಂತಿಲ್ಲ, ಒಬ್ಬ ಬ್ರೋಕರ್‌ನ ಆಶ್ರಯದಲ್ಲೇ ಇರಬೇಕು. ಅಲ್ಲಿನ ಕಾನೂನಿನಲ್ಲಿ ವಿನಾಯಿತಿಯ ಪಟ್ಟಿಯೂ ಸ್ಪಷ್ಟವಾಗಿದೆ. ವಕೀಲರು, ಕೋರ್ಟ್ ಆದೇಶ ಅಥವಾ ಉಯಿಲಿನ ಪ್ರಕಾರ ಆಸ್ತಿ ಮಾರುವವರು, ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲೇ ಕೂತು ನೋಡಿಕೊಳ್ಳುವ ಮ್ಯಾನೇಜರ್, ವರ್ಷಕ್ಕೆ ಮೂರಕ್ಕಿಂತ ಹೆಚ್ಚು ವ್ಯವಹಾರ ಮಾಡದ ಪವರ್ ಆಫ್ ಅಟಾರ್ನಿ ಹೊಂದಿದವರು ಅದರಲ್ಲಿ ಬರುತ್ತಾರೆ. ಅಲ್ಲಿನ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ, ಇಲ್ಲಿನದು ಅಲ್ಲಿ ನಡೆಯುವುದಿಲ್ಲ. ಆ ಪಟ್ಟಿಯ ಕೊನೆಯ ಅಂಶವನ್ನು ನೆನಪಿಟ್ಟುಕೊಳ್ಳಿ, ಜಿಪಿಎ ವಿಷಯ ಬಂದಾಗ ಬೇಕಾಗುತ್ತದೆ.

ನಮ್ಮಲ್ಲಿ ಇರುವುದು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅದರ ಕೆಳಗೆ 2017ರ ಕರ್ನಾಟಕ ನಿಯಮಗಳು. ಏಜೆಂಟರಿಗೆ ಎರಡೇ ಬಗೆಯ ನೋಂದಣಿ: ವ್ಯಕ್ತಿಯ ಹೆಸರಿನಲ್ಲಿ ಒಂದು, ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯಂಥವಕ್ಕೆ ಇನ್ನೊಂದು. ಕರ್ನಾಟಕದ ನಿಯಮಗಳಲ್ಲಿ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ. ಐದು ವರ್ಷಕ್ಕೆ ಊರ್ಜಿತ. ಟೆಕ್ಸಸ್‌ನ ಹಾಗೆ ‘ಬ್ರೋಕರ್‌ನ ಕೈಕೆಳಗಿನ ಏಜೆಂಟ್’ ಎಂಬ ಕಿರಿಯ ದರ್ಜೆ ನಮ್ಮ ಕಾಯ್ದೆಯಲ್ಲಿಲ್ಲ. ಹಾಗಾಗಿ ‘ನಾನು ಇಂಥವರ ಕೆಳಗೆ ಕೆಲಸ ಮಾಡುತ್ತೇನೆ, ಅವರ ನಂಬರ್ ಸಾಕು’ ಅಂತ ಹೇಳಿಕೊಂಡು ತಿರುಗುವವರು, ಪ್ರತಿ ಸೈಟಿಗೆ ಇಷ್ಟು ಅಂತ ತಮ್ಮದೇ ಕಮಿಷನ್ ಪಡೆಯುತ್ತಿದ್ದರೆ, ತಮ್ಮದೇ ನೋಂದಣಿ ಮಾಡಿಸಿಕೊಳ್ಳುವುದೇ ಸರಿ.

ಇದರ ಜೊತೆಗೆ ಲೈಸೆನ್ಸ್ ಎಂದು ಜನ ತಪ್ಪಾಗಿ ತಿಳಿಯುವ ಕಾಗದಗಳು ಕೆಲವಿವೆ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಜಿಎಸ್‌ಟಿ ನಂಬರ್. ಆಫೀಸು ತೆರೆಯಲು ಇವು ಬೇಕಾಗಬಹುದು, ಕಮಿಷನ್ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ಬೇಕೇ ಬೇಕು. ಆದರೆ ಇವುಗಳಲ್ಲಿ ಯಾವುದೂ ಲೇಔಟಿನ ಸೈಟು ಮಾರಿಸುವ ಹಕ್ಕು ಕೊಡುವುದಿಲ್ಲ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಟ್ರೇಡ್ ಲೈಸೆನ್ಸ್ ತೋರಿಸಿ ‘ನಾವು ಲೈಸೆನ್ಸ್ ಇರುವವರು’ ಎನ್ನುವುದನ್ನು ಬಿ.ಎಚ್. ರಸ್ತೆಯ ಯಾವ ಬೀದಿಯಲ್ಲೂ ಕೇಳಬಹುದು. ಸಬ್‌ರಿಜಿಸ್ಟ್ರಾರ್ ಕಚೇರಿ ಸುತ್ತ ಕೂರುವ ಪತ್ರ ಬರಹಗಾರರಿಗೆ ನೋಂದಣಿ ಇಲಾಖೆಯಿಂದ ಬರುವ ಪರವಾನಗಿಯೂ ಬೇರೆಯದೇ. ಅದು ಪತ್ರ ಬರೆಯುವುದಕ್ಕೆ, ಸೈಟು ಮಾರಿಸುವುದಕ್ಕಲ್ಲ.

ಇನ್ನು ದಲ್ಲಾಳಿ ಎಂದರೆ ಯಾರು? ಕಾಯ್ದೆಯ ವ್ಯಾಖ್ಯಾನ ವಿಶಾಲವಾಗಿದೆ. ಒಬ್ಬರ ಪರವಾಗಿ ಇನ್ನೊಬ್ಬರ ಜೊತೆ ಸೈಟು, ಫ್ಲಾಟ್, ಕಟ್ಟಡದ ಮಾರಾಟದ ಮಾತುಕತೆ ನಡೆಸಿ, ಕಮಿಷನ್ ಆಗಲಿ ಬೇರೆ ಯಾವುದೇ ರೂಪದಲ್ಲಾಗಲಿ ಪ್ರತಿಫಲ ಪಡೆಯುವವರೆಲ್ಲ ಇದರೊಳಗೆ ಬರುತ್ತಾರೆ. ಕೊಳ್ಳುವವರನ್ನೂ ಮಾರುವವರನ್ನೂ ‘ಯಾವುದೇ ಮಾಧ್ಯಮದ ಮೂಲಕ’ ಪರಿಚಯ ಮಾಡಿಸುವವರೂ ಅಷ್ಟೆ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಲೇಔಟಿನ ಫೋಟೊ ಹಾಕಿ ‘ಆಸಕ್ತರು ಕರೆ ಮಾಡಿ’ ಎಂದರೆ ಅದೂ ಮಾಧ್ಯಮವೇ. ‘ಬೇರೆ ಯಾವುದೇ ರೂಪ’ ಎಂಬ ಮಾತನ್ನೂ ಹಗುರವಾಗಿ ನೋಡಬೇಡಿ. ನಗದಿನ ಬದಲು ಚಿನ್ನದ ನಾಣ್ಯ, ಸ್ಕೂಟರ್, ಅಥವಾ ಹತ್ತು ಸೈಟು ಮಾರಿಸಿದರೆ ಒಂದು ಸೈಟಿನ ಬೆಲೆಯಲ್ಲಿ ರಿಯಾಯಿತಿ, ಎಲ್ಲವೂ ಪ್ರತಿಫಲವೇ. ಒಂದು ರೂಪಾಯಿಯನ್ನೂ ಮುಟ್ಟದೆ, ನಂಟಿನ ಮೇಲೆ ಭಾವನಿಗೆ ಒಂದು ಸೈಟು ತೋರಿಸಿದರೆ ನಿಮ್ಮನ್ನು ಏಜೆಂಟ್ ಎನ್ನಲು ಕಾರಣವಿಲ್ಲ.

ವ್ಯಾಖ್ಯಾನ ಇಷ್ಟು ಅಗಲವಾಗಿದ್ದರೂ, ನೋಂದಣಿ ಕಡ್ಡಾಯ ಮಾಡುವ 9ನೇ ಕಲಂ ಅದಕ್ಕಿಂತ ಕಿರಿದು. ಯೋಜನಾ ಪ್ರದೇಶದಲ್ಲಿ (ಊರಿನ ಬೆಳವಣಿಗೆಯ ಯೋಜನೆಗೆಂದು ಸರ್ಕಾರ ಗುರುತಿಸಿದ ಪ್ರದೇಶ), 3ನೇ ಕಲಂನಡಿ ನೋಂದಣಿಯಾದ ಯೋಜನೆಯಲ್ಲಿ (ಅಂದರೆ ಲೇಔಟ್ ಅಥವಾ ಕಟ್ಟಡದ ಪ್ರಾಜೆಕ್ಟ್), ಪ್ರವರ್ತಕರೇ ಮಾರುತ್ತಿರುವ ಸೈಟು ಅಥವಾ ಕಟ್ಟಡವನ್ನು ನೋಂದಣಿಯಿಲ್ಲದ ಏಜೆಂಟ್ ಮಾರಿಸಿಕೊಡುವಂತಿಲ್ಲ, ಅವರ ಪರವಾಗಿ ವರ್ತಿಸುವಂತಿಲ್ಲ ಎನ್ನುತ್ತದೆ ಅದು. ಪ್ರವರ್ತಕರು ಎಂದರೆ ಲೇಔಟ್ ಅಥವಾ ಕಟ್ಟಡ ಮಾಡಿ ಮಾರುವವರು. ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಇಂಥ ಯೋಜನಾ ಪ್ರದೇಶವೇ.

ಈ ಕಲಂ ಇಟ್ಟುಕೊಂಡು ನಿಮ್ಮ ಹಳೆಯ ಕೆಲಸಗಳನ್ನು ನೋಡೋಣ. ಎಸ್‌ಎಸ್ ಪುರಂನಲ್ಲಿ ಒಬ್ಬರು ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದ ಮನೆಯನ್ನು ಇನ್ನೊಬ್ಬರಿಗೆ ಮಾರಿಸಿದಿರಿ ಅಂದುಕೊಳ್ಳಿ. ಮಾರಿದವರು ಪ್ರವರ್ತಕರಲ್ಲ, ಮನೆಯ ಮಾಲೀಕರು. ಆ ಮರುಮಾರಾಟ 9ನೇ ಕಲಂನ ಮಾತಿನೊಳಗೆ ಬರುವುದಿಲ್ಲ. ತೋಟ, ಹೊಲ ತೋರಿಸಿದ್ದು ಕೃಷಿ ಜಮೀನನ್ನು ಇದ್ದ ಹಾಗೇ ಇಡಿಯಾಗಿ ಮಾರುವ ವ್ಯವಹಾರ, ಅದೂ ಇಲ್ಲ. ಬಾಡಿಗೆ ಮನೆ ತೋರಿಸಿದ್ದಂತೂ ಮಾರಾಟವೇ ಅಲ್ಲ. ಆದರೆ ಬಾಡಿಗೆಯ ವಿಷಯದಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲೇ ಮಧ್ಯವರ್ತಿಗಳು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಪ್ರತ್ಯೇಕ ಏರ್ಪಾಡಿದೆ. ರೇರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಡಿಗೆ ಮನೆ ತೋರಿಸುವುದನ್ನೇ ದಂಧೆಯಾಗಿ ಬೆಳೆಸುವ ಯೋಚನೆ ನಿಮಗಿದ್ದರೆ, ಆ ಕಾಯ್ದೆ ನಿಮ್ಮ ಬಡಾವಣೆಗೆ ಅನ್ವಯಿಸುತ್ತದೆಯೇ ಎಂದು ಒಮ್ಮೆ ವಿಚಾರಿಸಿ.

ಕೃಷಿ ಜಮೀನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಬೆಂಗಳೂರಿನಿಂದ ಶನಿವಾರ ಭಾನುವಾರ ಕಾರಿನಲ್ಲಿ ಬಂದು ತೋಟ ಕೇಳುವವರು ನಮ್ಮ ಕಡೆ ಹೆಚ್ಚಿದ್ದಾರೆ. ಇದನ್ನು ನೋಡಿ ಕೆಲವರು ಹತ್ತು ಎಕರೆ ಕೊಂಡು, ಒಳಗೆ ರಸ್ತೆ ಹಾಕಿ, ಗೇಟು ನಿಲ್ಲಿಸಿ, ಐದು ಗುಂಟೆ ಹತ್ತು ಗುಂಟೆ ತುಂಡು ಮಾಡಿ ‘ಫಾರ್ಮ್ ಪ್ಲಾಟ್’ ಎಂದು ಮಾರುತ್ತಿದ್ದಾರೆ. ಪಹಣಿಯಲ್ಲಿ ಕೃಷಿ ಅಂತಿದೆ, ಆದ್ದರಿಂದ ರೇರಾ ಬೇಡ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಮಾತನ್ನು ನಂಬಿ ಕಮಿಷನ್ ಮುಟ್ಟಬಾರದು. ಭೂಮಿಯನ್ನು ಪ್ಲಾಟುಗಳಾಗಿ ಅಭಿವೃದ್ಧಿಪಡಿಸಿ ಮಾರುವುದೇ ಕಾಯ್ದೆಯ ಕಣ್ಣಿಗೆ ಯೋಜನೆ. ಪಹಣಿಯ ಒಂದು ಕಾಲಂ ತೋರಿಸಿ ಅದರಿಂದ ಪಾರಾಗಬಹುದು ಎಂದು ನಾನು ನಿಮಗೆ ಧೈರ್ಯ ಹೇಳಲಾರೆ. ನಿಜವಾದ ತೋಟವನ್ನೇ ಮಾರಿಸುವಾಗಲೂ ಸರ್ವೆ ನಂಬರಿನ ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ ನಕ್ಷೆ) ಇದೆಯೇ ನೋಡಿ. ಜಮೀನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾಗಿದ್ದೇ ಎಂದೂ ಕೇಳಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ರೇರಾ ನಂಬರ್ ಬೇಕಿಲ್ಲದ ವ್ಯವಹಾರ ಎಂದ ಮಾತ್ರಕ್ಕೆ ಒಬ್ಬ ಬಡವರ ಮಂಜೂರಾತಿ ಜಮೀನು ಕೈಬದಲಾಗಲು ನಾವು ಕಾರಣರಾಗಬಾರದು.

ಈಗ ಕುಣಿಗಲ್ ರಸ್ತೆಯ ಲೇಔಟ್. ಲೇಔಟಿಗೇ ವಿನಾಯಿತಿ ಸಿಗುವ ಸಂದರ್ಭ ಇದೆ. ಅಭಿವೃದ್ಧಿಪಡಿಸುವ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಅಪಾರ್ಟ್‌ಮೆಂಟ್ ಆದರೆ ಎಲ್ಲ ಹಂತ ಸೇರಿ ಎಂಟು ಮನೆ ಮೀರದಿದ್ದರೆ ಯೋಜನೆಯ ನೋಂದಣಿ ಬೇಡ. 500 ಚದರ ಮೀಟರ್ ಕೇಳಲು ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ ಸುಮಾರು 5,382 ಚದರ ಅಡಿ. ಗುಂಟೆಗೆ 1,089 ಚದರ ಅಡಿಯಂತೆ ಐದು ಗುಂಟೆ ಎಂದರೆ 5,445. ಅಂದರೆ ಐದು ಗುಂಟೆಗೂ ಕೊಂಚ ಕಡಿಮೆ. ಅದರಲ್ಲಿ 30–40ರ ಸೈಟು ನಾಲ್ಕು ಮಾಡಿದರೆ 4,800 ಚದರ ಅಡಿ ಹೋಯಿತು, ಉಳಿದದ್ದು ರಸ್ತೆಗೂ ಸಾಲದು. ಹೀಗಿರುವಾಗ ಏಜೆಂಟರನ್ನು ಇಟ್ಟುಕೊಂಡು, ಬ್ರೋಷರ್ ಅಚ್ಚು ಹಾಕಿಸಿ ಮಾರುವ ಯಾವ ಲೇಔಟ್ ಈ ಮಿತಿಯೊಳಗೆ ಬಂದೀತು? ನಿಮಗೆ ಹೇಳಿದವರ ಲೇಔಟ್ ಎಕರೆಗಟ್ಟಲೆ ಇದ್ದರೆ ಈ ಪ್ರಶ್ನೆಯೇ ಇಲ್ಲ. ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದ 2017ರ ಮೇ 1ಕ್ಕೂ ಮೊದಲೇ ಪೂರ್ಣತಾ ಪ್ರಮಾಣಪತ್ರ ಪಡೆದ ಹಳೆಯ ಯೋಜನೆಗಳಿಗೂ ವಿನಾಯಿತಿ ಇದೆ, ನಿಮ್ಮದು ಹೊಸದು.

ಇಲ್ಲೊಂದು ಜಾಣತನದ ವಾದ ನಿಮ್ಮ ಕಿವಿಗೂ ಬೀಳುತ್ತದೆ. ‘9ನೇ ಕಲಂ ನೋಂದಣಿಯಾದ ಯೋಜನೆಯ ಮಾತಾಡುತ್ತದೆ, ನಮ್ಮ ಲೇಔಟಿಗೆ ನೋಂದಣಿಯೇ ಆಗಿಲ್ಲ, ಹಾಗಾಗಿ ನಿಮಗೂ ಬೇಡ.’ ದಯವಿಟ್ಟು ಇದಕ್ಕೆ ಬೀಳಬೇಡಿ. ಮುಂದಿನ 10ನೇ ಕಲಂ, ಯೋಜನಾ ಪ್ರದೇಶದಲ್ಲಿ ಪ್ರವರ್ತಕರು ಮಾರುವ ನೋಂದಣಿಯಿಲ್ಲದ ಯೋಜನೆಯ ಸೈಟನ್ನು ಏಜೆಂಟ್ ಮಾರಿಸಿಕೊಡಲೇಬಾರದು ಎನ್ನುತ್ತದೆ. ಕನ್ವರ್ಷನ್ ಆಗದ, ಪ್ರಾಧಿಕಾರದ ನಕ್ಷೆ ಇಲ್ಲದ, ಪಂಚಾಯ್ತಿಯಲ್ಲಿ ಹೇಗೋ ಖಾತೆ ಮಾಡಿಸಿದ ರೆವೆನ್ಯೂ ಸೈಟುಗಳ ದಲ್ಲಾಳಿಗಳು ತಮಗೆ ವಿನಾಯಿತಿ ಇದೆ ಎಂದುಕೊಂಡಿದ್ದಾರೆ. ಅವರದೇ ಎಲ್ಲರಿಗಿಂತ ಅಪಾಯದ ಜಾಗ. ಅಂಥ ಸೈಟು ಕೊಂಡ ಕುಟುಂಬ ಮನೆ ಕಟ್ಟಲು ಬ್ಯಾಂಕಿಗೆ ಹೋಗಿ ಸಾಲ ಸಿಗದೆ ವಾಪಸ್ ಬಂದಾಗ ಮೊದಲು ಹುಡುಕುವುದು ಸೈಟು ತೋರಿಸಿದವರನ್ನೇ. ಲೇಔಟಿನವರು ಅಷ್ಟರಲ್ಲಿ ಇನ್ನೊಂದು ಊರಿನಲ್ಲಿರುತ್ತಾರೆ, ನಿಮ್ಮ ಅಂಗಡಿ ಗೂಳೂರಿನಲ್ಲೇ ಇರುತ್ತದೆ.

ಆ ಜಿಪಿಎ ಸಲಹೆಯಂತೂ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಟೆಕ್ಸಸ್‌ನಲ್ಲಿ ಪವರ್ ಆಫ್ ಅಟಾರ್ನಿ ಇದ್ದವರಿಗೆ ಸಣ್ಣ ವಿನಾಯಿತಿ ಇದೆ ಅಂದೆನಲ್ಲ, ನಮ್ಮಲ್ಲಿ ನೇರ ವಿರುದ್ಧ. ಮಾರಾಟಕ್ಕೆಂದು ಪ್ಲಾಟು ಮಾಡಿದ ಜಮೀನಿನ ಮಾಲೀಕರಿಂದ ಅಧಿಕಾರ ಪತ್ರ ಪಡೆದವನೆಂದು ವರ್ತಿಸುವವರನ್ನು ಕಾಯ್ದೆ ‘ಪ್ರವರ್ತಕ’ ಎಂಬ ವ್ಯಾಖ್ಯಾನದೊಳಗೇ ಸೇರಿಸಿದೆ. ಏಜೆಂಟ್ ಆಗಿದ್ದರೆ ನಿಮ್ಮ ಹೊಣೆ ನೀವು ಹೇಳಿದ ಮಾತು, ಕೊಡಿಸಿದ ಕಾಗದಗಳಷ್ಟಕ್ಕೆ. ಪ್ರವರ್ತಕರಾದರೆ ಯೋಜನೆಯ ನೋಂದಣಿ, ಕೊಂಡವರ ಹಣದ ಶೇ 70 ಭಾಗ ಪ್ರತ್ಯೇಕ ಖಾತೆಯಲ್ಲಿಡುವುದು, ತಡವಾದರೆ ಬಡ್ಡಿ ಸಮೇತ ಮರುಪಾವತಿ, ಎಲ್ಲವೂ ಹೆಗಲೇರುತ್ತದೆ. ನೋಂದಣಿ ಮಾಡಿಸದ ಪ್ರವರ್ತಕರಿಗೆ ದಂಡ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ಹೋಗಬಹುದು. ನೋಂದಾಯಿತ ಕ್ರಯಪತ್ರ ಇಲ್ಲದೆ ಬರೀ ಜಿಪಿಎ ಮೇಲೆ ಮಾರಾಟವಾದರೆ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಪ್ರಾವಿಷನ್ ಸ್ಟೋರ್ ನಡೆಸುವವರ ಹೆಸರಿಗೆ ಇನ್ನೊಬ್ಬರ ಲೇಔಟಿನ ಜಿಪಿಎ ಯಾಕೆ ಮಾಡಲು ಹೊರಟಿದ್ದಾರೆ ಎಂದು ಯೋಚಿಸಿ. ಸಹಿ ಹಾಕಬೇಡಿ.

ಬೇರೆ ಯಾರಿಗೆಲ್ಲ ಬೇಡ? ತಮ್ಮದೇ ಸೈಟು, ಮನೆಯನ್ನು ತಾವೇ ಮಾರುವವರಿಗೆ ಬೇಡ, ಅವರು ಯಾರ ಏಜೆಂಟರೂ ಅಲ್ಲ. ಲೇಔಟಿನವರ ಬಳಿ ತಿಂಗಳ ಸಂಬಳಕ್ಕೆ ಆಫೀಸಿನಲ್ಲಿ ಕೂತು ಗಿರಾಕಿಗಳಿಗೆ ಜಾಗ ತೋರಿಸುವ ನೌಕರರು ಪ್ರವರ್ತಕರದೇ ಕೈ. ಆದರೆ ಸಂಬಳ ಹೆಸರಿಗೆ ಮಾತ್ರ ಇದ್ದು, ನಿಜವಾದ ಆದಾಯ ಸೈಟಿಗಿಷ್ಟು ಅಂತ ಬರುತ್ತಿದ್ದರೆ ಆ ನೆಪ ನಿಲ್ಲುವುದು ಕಷ್ಟ. ದಾಖಲೆ ನೋಡಿ ಅಭಿಪ್ರಾಯ ಕೊಟ್ಟು ಫೀಸು ಪಡೆಯುವ ವಕೀಲರು, ಪತ್ರ ಬರೆಯುವ ಬರಹಗಾರರು, ಬೆಲೆ ಅಂದಾಜು ಮಾಡುವ ಎಂಜಿನಿಯರ್‌ಗಳು ಆ ಕೆಲಸದ ಮಟ್ಟಿಗೆ ಏಜೆಂಟರಲ್ಲ. ಗಿರಾಕಿ ತಂದುಕೊಟ್ಟದ್ದಕ್ಕೆ ಲೇಔಟಿನವರಿಂದ ಕಮಿಷನ್ ಪಡೆದ ಕ್ಷಣ ಅವರೂ ಏಜೆಂಟರೇ. ಅವರ ವೃತ್ತಿಯ ಹೆಸರು ಅವರನ್ನು ಕಾಪಾಡುವುದಿಲ್ಲ.

ನೋಂದಣಿಯಿಲ್ಲದೆ ಮಾರಿಸಿದರೆ ಏನಾಗುತ್ತದೆ ಎಂಬುದನ್ನು ನಿಮ್ಮದೇ ಲೆಕ್ಕದಲ್ಲಿ ನೋಡಿ. ಏಜೆಂಟರು 9 ಅಥವಾ 10ನೇ ಕಲಂ ಮೀರಿದರೆ ದಂಡ ದಿನಕ್ಕೆ 10,000 ರೂಪಾಯಿ, ಒಟ್ಟಾರೆ ಆ ಸೈಟಿನ ಬೆಲೆಯ ಶೇ 5ರವರೆಗೆ. 30–40ರ ಸೈಟು, ಚದರ ಅಡಿಗೆ 1,500 ಎಂದು ಇಟ್ಟುಕೊಂಡರೆ 18 ಲಕ್ಷ. ಒಂದು ಕಡೆಯಿಂದ ನಿಮ್ಮ ಶೇ 1 ಕಮಿಷನ್ 18,000. ದಂಡದ ಮಿತಿ 90,000, ಅದನ್ನು ಮುಟ್ಟಲು ಒಂಬತ್ತು ದಿನ ಸಾಕು. ಐದು ವರ್ಷದ ನೋಂದಣಿಗೆ 25,000 ಎಂದರೆ ವರ್ಷಕ್ಕೆ 5,000. ಹೊಸ ಲೇಔಟುಗಳ ಕಡೆ ಹೋಗುವ ಮನಸ್ಸಿದ್ದರೆ ಮಾಡಿಸಿ. ಇಲ್ಲ, ವರ್ಷಕ್ಕೊಂದೆರಡು ಹಳೆ ಮನೆ, ಒಂದು ತೋಟ, ಅಷ್ಟೇ ಸಾಕು ಅನ್ನಿಸಿದರೆ ಈ ಲೇಔಟಿನವರಿಗೆ ಆಗುವುದಿಲ್ಲ ಎಂದು ಹೇಳಿಬಿಡಿ. ಎರಡೂ ಗೌರವದ ದಾರಿಯೇ.

ಹೌದು ಎಂದರೆ, ಅರ್ಜಿಗೂ ಮೊದಲು ಲೇಔಟಿನ ಬ್ರೋಷರ್ ಕೈಗೆ ತೆಗೆದುಕೊಂಡು ಕೆಳಗಿನ ಸಣ್ಣ ಅಕ್ಷರ ಓದಿ. ಕರ್ನಾಟಕ ರೇರಾದ ನೋಂದಣಿ ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಎಂದು ಶುರುವಾಗುತ್ತದೆ. ನಡುವೆ ‘ಪಿಆರ್’ ಎಂದಿದ್ದರೆ ಅದು ಯೋಜನೆಯ ಸಂಖ್ಯೆ, ‘ಎಜಿ’ ಎಂದಿದ್ದರೆ ಏಜೆಂಟರದು. ಕೆಲವು ಬ್ರೋಷರ್‌ಗಳಲ್ಲಿ ‘ಎಸಿಕೆ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದು ಅರ್ಜಿ ಹಾಕಿದ್ದಕ್ಕೆ ಸಿಕ್ಕ ಸ್ವೀಕೃತಿ, ನೋಂದಣಿ ಅಲ್ಲ. ಅದನ್ನು ನಂಬಿ ಯಾರಿಂದಲೂ ಮುಂಗಡ ಕೊಡಿಸಬೇಡಿ. ಸಂಖ್ಯೆಯನ್ನು ಕೆ-ರೇರಾ ಜಾಲತಾಣದಲ್ಲಿ ಹಾಕಿ ನೋಡಿದರೆ ಯೋಜನೆಯ ಅವಧಿ, ಮಂಜೂರಾದ ನಕ್ಷೆ, ಭೂಮಿಯ ದಾಖಲೆಗಳು ತೆರೆದುಕೊಳ್ಳುತ್ತವೆ. ಬ್ರೋಷರಿನಲ್ಲಿ ಪಾರ್ಕ್ ಎಂದು ಹಸಿರು ಬಳಿದ ಜಾಗ ಮಂಜೂರಾದ ನಕ್ಷೆಯಲ್ಲೂ ಪಾರ್ಕೇ ಇದೆಯೇ ಎಂದು ಅಲ್ಲೇ ಹೋಲಿಸಿ. ಪ್ರವರ್ತಕರು ತಮ್ಮ ಏಜೆಂಟರ ಹೆಸರು, ವಿಳಾಸವನ್ನೂ ರೇರಾಕ್ಕೆ ಕೊಡಬೇಕು. ನೋಂದಣಿಯಾದ ಮೇಲೆ ನಿಮ್ಮದನ್ನು ಅಲ್ಲಿ ಸೇರಿಸಲು ಕೇಳಿ.

ಅರ್ಜಿ ಆನ್‌ಲೈನ್‌ನಲ್ಲೇ. ಪ್ಯಾನ್, ಆಧಾರ್, ಫೋಟೊ, ವ್ಯವಹಾರದ ವಿಳಾಸದ ದಾಖಲೆ, ಹಿಂದಿನ ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್ ಬೇಕು. ರಿಟರ್ನ್ ಸಲ್ಲಿಸುವ ಅಗತ್ಯ ಇಲ್ಲದವರು ಹಾಗೆಂದು ಘೋಷಣೆ ಕೊಡಬಹುದು. ಪರೀಕ್ಷೆ ಬರೆದು ದರ್ಜೆ ಏರುವ ವ್ಯವಸ್ಥೆ ಕೇಂದ್ರ ಕಾಯ್ದೆಯಲ್ಲಿಲ್ಲ. ನಂಬರ್ ಬಂದ ಮೇಲೆ ನೀವು ಮಾರಿಸುವ ಪ್ರತಿ ಸೈಟಿನ ವ್ಯವಹಾರದಲ್ಲೂ ಅದನ್ನು ನಮೂದಿಸಬೇಕು, ಲೆಕ್ಕದ ಪುಸ್ತಕ ಇಡಬೇಕು. ಗಿರಾಕಿಗೆ ಇಲ್ಲದ ಸೌಕರ್ಯ ಇದೆ ಎಂದು ಹೇಳಿದರೆ ಅದು ಅಕ್ರಮ ವ್ಯಾಪಾರ ಪದ್ಧತಿಯಾಗಿ ನೋಂದಣಿಯೇ ರದ್ದಾಗಬಹುದು. ಸೈಟಿನ ಬೆಲೆಯ ಶೇ 10ಕ್ಕಿಂತ ಹೆಚ್ಚನ್ನು ಕರಾರು ನೋಂದಣಿಗೂ ಮೊದಲು ಲೇಔಟಿನವರು ಪಡೆಯುವಂತಿಲ್ಲ. ನಿಮ್ಮ ಮೂಲಕ ಕೇಳಿಸಿದರೆ ಒಪ್ಪಬೇಡಿ.

ಇನ್ನೊಂದು ಮಾತು, ನಮ್ಮ ಜಿಲ್ಲೆಯವರಿಗೆ ಇದು ಮುಖ್ಯ. ಒಂದು ನೋಂದಣಿ ಇಡೀ ಕರ್ನಾಟಕಕ್ಕೆ ಸಾಕು. ಗೂಳೂರಿನಲ್ಲಿ ಕೂತು ಕೋಲಾರದ ಲೇಔಟಿನ ಸೈಟನ್ನೂ ಮಾರಿಸಬಹುದು. ಆದರೆ ಪಾವಗಡ, ಮಧುಗಿರಿ ಕಡೆಯ ಪರಿಚಯದಿಂದ ಹಿಂದೂಪುರದ ಲೇಔಟುಗಳಿಗೆ ಗಿರಾಕಿ ಕಳಿಸುವುದಾದರೆ ಅದು ಆಂಧ್ರಪ್ರದೇಶ. ಅಲ್ಲಿನ ರೇರಾದಲ್ಲಿ ಬೇರೆ ನೋಂದಣಿ ಮಾಡಿಸಬೇಕು.